ಎಳ್ಳಮಾಸಿಯ ದಿನ ಕಂಡಕ್ಟರ್ ಚಂದ್ರಾಮಪ್ಪನ ಪಥ್ಯ

ಎಂಬತ್ತರ ದಶಕದ ನಡುವಿನ ಮಾತು. ಅಫಜಲಪುರದಿಂದ ಕರಜಗಿಗೆ ಹೋಗುವ ಕೆಂಪು ಬಸ್ಸಿಗೆ ಚಂದ್ರಾಮಪ್ಪನೆಂಬ ಕಂಡಕ್ಟರ್ ಇದ್ದ. ಹೊಟ್ಟೆ ಭಾರಿ, ಮನಸ್ಸು ಹಗುರ. ಅವನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು ಆ ವರ್ಷದ ದೀಪಾವಳಿಯಲ್ಲಿ. ತಂಗಿಯ ಮನೆಯಲ್ಲಿ ಕರಚಿಕಾಯಿಯನ್ನು ಲೆಕ್ಕ ಇಡದೆ ತಿಂದು ಬಂದವನು ಮರುದಿನ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ಹರಿಯುತ್ತಲೇ ತಲೆ ತಿರುಗಿ, ಯಾರೋ ಹೆಣ್ಣುಮಗಳ ಬದನೆಕಾಯಿ ಬುಟ್ಟಿಯ ಮೇಲೆ ಕುಸಿದುಬಿದ್ದ. ಬದನೆಕಾಯಿ ಹೋದವು, ಚಂದ್ರಾಮಪ್ಪ ಉಳಿದ.

ಇನ್ನು ಮೇಲೆ ಸಿಹಿ ಮುಟ್ಟಕೂಡದು ಎಂದರು ಡಾಕ್ಟರು. ಡಾಕ್ಟರು ಒಂದು ಹೇಳಿದರೆ ಅವನ ಹೆಂಡತಿ ಶಾರದಾಬಾಯಿ ಒಂದೂವರೆ ಮಾಡುವವಳು. ಸಕ್ಕರೆಯ ಡಬ್ಬಿ ಟ್ರಂಕು ಸೇರಿತು, ಟ್ರಂಕಿನ ಕೀಲಿಕೈ ಅವಳ ಸೊಂಟ ಸೇರಿತು. ಬೆಲ್ಲದ ಹೆಸರೆತ್ತಿದರೂ ಮನೆಯಲ್ಲಿ ಜಗಳ.

ಹೀಗೆ ಎರಡು ತಿಂಗಳು ಕಳೆಯುವುದರಲ್ಲಿ ಎಳ್ಳಮಾಸಿ ಬಂತು. ಆ ದಿನ ಊರಿಗೆ ಊರೇ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತದೆ. ಮೊದಲು ತಂದ ಅಡುಗೆಯಲ್ಲಿ ಒಂದು ಪಾಲನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಆಮೇಲೆ ಗಿಡದ ನೆರಳಲ್ಲಿ ಕೂತು ಉಣ್ಣುತ್ತಾರೆ. ದಾರಿಯಲ್ಲಿ ಹೋಗುವವರು ಯಾರೇ ಇರಲಿ, ಕರೆದು ಉಣಿಸದೆ ಬಿಡುವುದಿಲ್ಲ. ಅಂಥ ದಿನವೇ ಚಂದ್ರಾಮಪ್ಪನಿಗೆ ಡ್ಯೂಟಿ ಬಿದ್ದಿತ್ತು.

ಶಾರದಾಬಾಯಿ ಅವನ ಡಬ್ಬಿಗೆ ಎರಡು ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ಅಷ್ಟಕ್ಕೇ ಬಿಡದೆ ತಾನೇ ಬಸ್‌ಸ್ಟ್ಯಾಂಡಿಗೆ ಬಂದು ಡ್ರೈವರ್ ಜಹೀರುದ್ದೀನನ ಮುಂದೆ ನಿಂತಳು.

"ಭಾಯಿ, ಇವತ್ತ ಇವರನ್ನ ನಿಮ್ಮ ಕೈಯಾಗ ಕೊಟ್ಟೀನಿ ನೋಡ್ರಿ. ದಾರಿಗುಂಟ ಹೊಲಹೊಲದಾಗ ಹೋಳಗಿ ಕಾಯಾಕತ್ತಿರ್ತಾವ."

ಜಹೀರುದ್ದೀನ ಕಡ್ಡಿಯಂಥ ಮನುಷ್ಯ. ಮಾತು ಕೊಟ್ಟರೆ ಮುಗಿಯಿತು, ತಪ್ಪುವವನಲ್ಲ. "ಬೇಫಿಕರ್ ಇರ್ರಿ ಭಾಬಿ," ಎಂದ. "ಸ್ಟೇರಿಂಗ್ ಬಿಟ್ಟೇನು, ಇವರ ಬಾಯಿ ಮ್ಯಾಗಿನ ಕಣ್ಣು ಬಿಡಾಂಗಿಲ್ಲ."

"ಮೊದಲ ಸ್ಟೇರಿಂಗ್ ಹಿಡಿ ಮಾರಾಯ," ಎಂದು ಚಂದ್ರಾಮಪ್ಪ ಸೀಟಿ ಊದಿದ.

ಊರು ದಾಟಿ ಸ್ವಲ್ಪ ದೂರ ಹೋಗಿತ್ತಷ್ಟೆ. ರಸ್ತೆಯ ನಟ್ಟನಡುವೆ ಮಲ್ಕಪ್ಪನೆಂಬ ರೈತ ಎರಡೂ ಕೈ ಎತ್ತಿ ನಿಂತಿದ್ದ. ಬಸ್ಸು ನಿಂತಿತು. ಮಲ್ಕಪ್ಪನ ಹಿಂದಿನಿಂದ ಒಂದು ತಾಟು ಕಿಟಕಿಗೆ ಬಂತು. ಅದರ ತುಂಬ ಶೇಂಗಾ ಹೋಳಿಗೆ, ಮೇಲೆ ಕೈಬಿಚ್ಚಿ ಸುರಿದ ತುಪ್ಪ.

"ತಗೋರಿ ಕಂಡಕ್ಟರ್ ಸಾಹೇಬ್ರ, ಹಬ್ಬದ ದಿನ ಹಂಗ ಹೋಗಬಾರದು!"

ಚಂದ್ರಾಮಪ್ಪನ ಕೈ ಅವನನ್ನು ಕೇಳದೆಯೇ ಮುಂದೆ ಹೋಯಿತು. ಅಷ್ಟರಲ್ಲಿ ಡ್ರೈವರ್ ಸೀಟಿನಿಂದ ಗರ್ಜನೆ ಕೇಳಿಸಿತು: "ಏ ಏ ಏ! ಕೊಡಬ್ಯಾಡ್ರಿ! ಅವರಿಗೆ ಸಕ್ಕರಿ ಬ್ಯಾನಿ ಅದ!"

ಬಸ್ಸಿಗೆ ಬಸ್ಸೇ ಹೊರಳಿ ನೋಡಿತು. ನಡುಪೇಟೆಯಲ್ಲಿ ಧೋತರ ಜಾರಿದಂತಾಯಿತು ಚಂದ್ರಾಮಪ್ಪನಿಗೆ.

ಮಲ್ಕಪ್ಪನ ಮುಖ ಸಣ್ಣದಾಯಿತು. "ಕೊಟ್ಟ ತಾಟು ಹೊಳ್ಳಿ ಒಯ್ಯಲೇನ್ರಿ? ಅಮಾಸಿ ದಿನ?"

ಜಹೀರುದ್ದೀನ ಕ್ಷಣ ಯೋಚಿಸಿದ. ಭಾಬಿಗೆ ಕೊಟ್ಟ ಮಾತೂ ಉಳಿಯಬೇಕು, ಮಲ್ಕಪ್ಪನ ಮನಸ್ಸೂ ನೋಯಬಾರದು. "ಇತ್ತ ಕೊಡ್ರಿ," ಎಂದ. "ಅವರ ಪಾಲಿಂದು ನಾ ತಿಂತೇನಿ."

ಅದೇ ಪದ್ಧತಿಯಾಯಿತು. ಮುಂದಿನ ಹೊಲದಲ್ಲಿ ಎಳ್ಳು ಹೋಳಿಗೆ, ಅದರ ಮುಂದಿನದರಲ್ಲಿ ಕಡುಬು. ಬಸ್ಸು ನಿಂತಾಗಲೆಲ್ಲ ಜಹೀರುದ್ದೀನ ಮೊದಲು ಕಾಯಿಲೆಯ ಡಂಗುರ ಸಾರುತ್ತಿದ್ದ, ಆಮೇಲೆ ತನ್ನ ಪಾಲು ಮುಗಿಸಿ ಕಂಡಕ್ಟರನ ಪಾಲನ್ನೂ ಮುಗಿಸುತ್ತಿದ್ದ. ಮುಖದಲ್ಲಿ ಮಾತ್ರ ಕರ್ತವ್ಯ ಮಾಡುವವನ ಗಾಂಭೀರ್ಯ.

ಬಸ್ಸಿನ ಒಳಗೆ ಇನ್ನೊಂದು ಕಾಟ. ಕಾಯಿಲೆ ಗೊತ್ತಾದ ಮೇಲೆ ಎಲ್ಲರೂ ವೈದ್ಯರಾದರು. ಒಬ್ಬರು ಹಾಗಲಕಾಯಿ ಅಂದರು, ಇನ್ನೊಬ್ಬರು ನೆನೆಸಿದ ಮೆಂತ್ಯೆ ಅಂದರು. ಹಿಂದಿನ ಸೀಟಿನ ಮುದುಕನೊಬ್ಬ, ಕೊಳಕೂರಿನ ತನ್ನ ಕಾಕಾ ದಿನಾ ಬೇವಿನ ರಸ ಕುಡಿದು ಸಕ್ಕರೆಯನ್ನು ಪೂರಾ ಓಡಿಸಿದ್ದ ಕತೆ ಹೇಳಿದ.

"ಈಗ ಹ್ಯಾಂಗದಾರ?" ಚಂದ್ರಾಮಪ್ಪ ಆಸೆಯಿಂದ ಕೇಳಿದ.

"ಹೋದ ವರ್ಷ ತೀರಿಕೊಂಡ್ರು. ಆದ್ರ ಸಕ್ಕರಿ ಅಂತೂ ಇದ್ದಿದ್ದಿಲ್ಲ ನೋಡ್ರಿ."

ಗೌರಾಬಾಯಿ ಎಂಬವಳ ಹೊಲದ ಹತ್ತಿರ ಬರುವ ಹೊತ್ತಿಗೆ ಜಹೀರುದ್ದೀನನ ಹಣೆಯ ಮೇಲೆ ಬೆವರು ಮೂಡಿತ್ತು. ಅವನು ಬಸ್ಸನ್ನು ನಿಧಾನವಾಗಿ ಹುಣಸೆಮರದ ಕೆಳಗೆ ತಂದು ನಿಲ್ಲಿಸಿದ.

"ಚಂದ್ರಾಮಣ್ಣ, ನನ್ನ ಹೊಟ್ಟಿಗೂ ಸ್ಟೇರಿಂಗಿಗೂ ಜಗಳ ಹತ್ತ್ಯದ. ಜರಾ ಅಡ್ಡ ಆಗ್ತೇನಿ," ಎಂದವನೇ ಇಳಿದು ಟವೆಲು ಹಾಸಿಕೊಂಡು ಮಲಗಿದ. ಮಲಗಿದ ಮರುಗಳಿಗೆಗೆ ಗೊರಕೆ.

ಗೌರಾಬಾಯಿ ಎಪ್ಪತ್ತು ದಾಟಿದ ಮುದುಕಿ. ಬಸ್ಸು ತನ್ನ ಹೊಲಕ್ಕೇ ಬಂದು ನಿಂತದ್ದು ಅವಳಿಗೆ ಲಕ್ಷ್ಮಿ ಬಂದಷ್ಟು ಸಂತೋಷ. "ಎಲ್ಲಾರೂ ಇಳೀರಿ, ಉಣಾಕ ಕೂಡ್ರಿ!" ಎಂದು ಕೂಗಿದಳು. ತಡವಾಯಿತೆಂದು ದಾರಿಯುದ್ದಕ್ಕೂ ಗೊಣಗುತ್ತ ಬಂದಿದ್ದ ಪ್ರಯಾಣಿಕನೊಬ್ಬನೇ ಎಲ್ಲರಿಗಿಂತ ಮೊದಲು ಚಕ್ಕಳಮಕ್ಕಳ ಹಾಕಿ ಕೂತ.

ಚಂದ್ರಾಮಪ್ಪ ಮಲಗಿದ ಕಾವಲುಗಾರನನ್ನು ನೋಡಿದ. ಗೊರಕೆ ಗಟ್ಟಿಯಾಗಿತ್ತು. ದೇವರು ದೊಡ್ಡವನು ಅನ್ನಿಸಿತು. ಸದ್ದಿಲ್ಲದೆ ಹೋಗಿ ಸಾಲಿನ ಕೊನೆಗೆ ಕೂತ. ಗೌರಾಬಾಯಿಯ ಸೊಸೆಗೆ ಅವನ ಕಾಯಿಲೆಯ ಸುದ್ದಿ ಗೊತ್ತಿರಲಿಲ್ಲ. ಬಡಿಸುತ್ತ ಬಂದವಳು ಅವನ ತಾಟಿಗೂ ಬಿಸಿ ಹೋಳಿಗೆ ಹಾಕಿದಳು. ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಒಂದು ತುಂಡು ಮುರಿದು, ತುಪ್ಪದಲ್ಲಿ ಅದ್ದಿ, ಬಾಯಿ ತೆರೆದ.

"ಕಂಡಕ್ಟರ್ ಸಾಹೇಬ್ರ!"

ಎದುರಿಗೆ ಕೂತಿದ್ದ ಕಸ್ತೂರಿಬಾಯಿ ಎಂಬ ಪ್ರಯಾಣಿಕಳು ಎದ್ದೇ ನಿಂತಿದ್ದಳು. "ಬ್ಯಾಡ್ರಿ! ಮನ್ಯಾಗ ಹೆಂಡ್ರು ಮಕ್ಕಳು ಅದಾರ ನಿಮಗ!"

ಪಕ್ಕದವನು ತಾಟನ್ನು ಎಳೆದುಕೊಂಡ. ಇನ್ನೊಬ್ಬ ಕೈಯಲ್ಲಿದ್ದ ತುಂಡನ್ನೇ ಕಿತ್ತುಕೊಂಡು, ಹಾಳಾಗಬಾರದೆಂದು ತಾನು ಬಾಯಿಗೆ ಹಾಕಿಕೊಂಡ. ಒಬ್ಬ ಜಹೀರುದ್ದೀನ ಮಲಗಿದರೆ ಬಸ್ಸಿನ ತುಂಬ ಜಹೀರುದ್ದೀನರು ಎದ್ದಿದ್ದರು.

ಚಂದ್ರಾಮಪ್ಪನಿಗೆ ಸಿಟ್ಟು ನೆತ್ತಿಗೇರಿತು. "ನಾ ಈ ಬಸ್ಸಿನ ಕಂಡಕ್ಟರ್! ಒಂದ್ ಸೀಟಿ ಹೊಡದ್ರ ನಿಮ್ಮನ್ನೆಲ್ಲಾ ಇಲ್ಲೇ ಬಿಟ್ಟು ಹೋಗ್ತೇನಿ!"

"ಡ್ರೈವರ್ ಮಲಗ್ಯಾರಲ್ರಿ," ಎಂದಿತು ಒಂದು ದನಿ.

ಎಲ್ಲರೂ ನಕ್ಕರು. ಅವನು ದಡದಡ ಎದ್ದು ಬಸ್ಸಿನಿಂದ ತನ್ನ ಡಬ್ಬಿ ಎತ್ತಿಕೊಂಡು ದೂರದ ಬದುವಿನ ಮೇಲೆ ಹೋಗಿ ಕೂತ. ಮುಂದೆ ಕಡಲೆ ಹೊಲ, ಅದರಾಚೆ ಹಳದಿ ಕುಸುಬೆ. ಡಬ್ಬಿ ತೆರೆದರೆ ತಣ್ಣಗಾದ ರೊಟ್ಟಿ ಅವನನ್ನೇ ನೋಡುತ್ತಿತ್ತು. ಹೋಳಿಗೆ ತಪ್ಪಿದ್ದಕ್ಕಿಂತ ಬೇರೊಂದು ಅವನನ್ನು ಚುಚ್ಚಿತು. ಇಷ್ಟು ವರ್ಷ ಈ ದಾರಿಯ ಜನ ಅವನನ್ನು ಕಂಡರೆ ತಮಾಷೆ ಮಾಡುತ್ತಿದ್ದರು, ಚಿಲ್ಲರೆಗಾಗಿ ಜಗಳ ತೆಗೆಯುತ್ತಿದ್ದರು. ಇಂದು ಎಲ್ಲರೂ ಅವನನ್ನು ಹಾಸಿಗೆ ಹಿಡಿದವನಂತೆ ಕನಿಕರದಿಂದ ನೋಡಿದ್ದರು. ಅವನು ಡಬ್ಬಿಯ ಮುಚ್ಚಳ ಮತ್ತೆ ಮುಚ್ಚಿದ.

ಹಿಂದೆ ಬಳೆ ಸದ್ದಾಯಿತು. ಗೌರಾಬಾಯಿ ತಾಟು ಹಿಡಿದು ನಿಂತಿದ್ದಳು.

"ನನಗ ಹೋಳಗಿ ಬ್ಯಾಡ ಆಯಿ," ಎಂದ ಅವನು ಮುಖ ತಿರುಗಿಸಿ.

"ಹೋಳಗಿ ಯಾರ್ ತಂದಾರೋ ಯಪ್ಪಾ? ಕಣ್ಣು ಬಿಟ್ಟು ನೋಡು. ಬಂದಾಗಿಂದ ಹೋಳಗಿ ಹೋಳಗಿ ಅಂತ ಬಡಕೊಳ್ಳಾಕತ್ತೀರಿ ಎಲ್ಲಾರೂ. ಕೋಳಿ ಕೂಗೂಕ್ಕಿಂತ ಮೊದಲ ಎದ್ದು ಭಜ್ಜಿ ಮಾಡೀನಿ. ಇದರ ಕಡಿ ಒಬ್ಬರರೆ ನೋಡಿದ್ರೇನು?"

ತಾಟಿನಲ್ಲಿ ತೆಳ್ಳನೆಯ ಸಜ್ಜೆ ರೊಟ್ಟಿ, ಮೇಲೆ ಎಳ್ಳು. ಎಳೆ ಅವರೆ, ಹಸಿ ತೊಗರಿ, ಕಡಲೆ, ಸಿಕ್ಕ ಸಿಕ್ಕ ಸೊಪ್ಪು ಎಲ್ಲ ಬೆಂದು ಒಂದಾದ ಭಜ್ಜಿ. ಪಕ್ಕದಲ್ಲಿ ಎಣ್ಣೆಗಾಯಿ, ಒಂದು ಚೆಂಬು ಮಜ್ಜಿಗೆ. ಚಂದ್ರಾಮಪ್ಪ ಮುನಿಸಿನಿಂದಲೇ ಒಂದು ತುತ್ತು ಬಾಯಿಗಿಟ್ಟ. ಎರಡನೆಯ ತುತ್ತಿಗೆ ಮುನಿಸು ಕರಗಿತು. ಮೂರನೆಯದಕ್ಕೆ, "ಆಯಿ, ಇನ್ನೊಂದ್ ರೊಟ್ಟಿ ಅದ ಏನು?" ಎಂದ.

"ಹೊಲ ತುಂಬ ಅದ, ಉಣ್ಣು," ಎಂದಳು ಮುದುಕಿ. ಉಂಡು ಅವನು ತೇಗಿದ ತೇಗು ಹುಣಸೆಮರದವರೆಗೂ ಕೇಳಿಸಿತಂತೆ.

ಓಮಿನಕಾಳು ಹಾಕಿದ ಮಜ್ಜಿಗೆ ಕುಡಿಸಿ ಜಹೀರುದ್ದೀನನನ್ನು ಎಬ್ಬಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬಸ್ಸು ಕರಜಗಿ ಮುಟ್ಟಿ ತಿರುಗಿ ಬಂದಾಗ ದೀಪ ಹಚ್ಚುವ ಹೊತ್ತು. ಚಂದ್ರಾಮಪ್ಪ ಎದೆ ಉಬ್ಬಿಸಿಕೊಂಡು ಮನೆಗೆ ಬಂದ.

"ಕೈಕಾಲು ತೊಳೀರಿ, ಉಣಾಕ ಹಾಕ್ತೇನಿ," ಎಂದಳು ಶಾರದಾಬಾಯಿ.

"ಹಸಿವಿಲ್ಲ ಶಾರದಾ."

ಅವಳ ಸೌಟು ನಿಂತಿತು. "ಹಸಿವಿಲ್ಲ? ನಿಮಗ? ಎಷ್ಟು ಹೋಳಗಿ ತಿಂದ್ರಿ, ಖರೆ ಹೇಳ್ರಿ."

"ಒಂದೂ ತಿಂದಿಲ್ಲ."

"ನನ್ನ ಕಣ್ಣಾಗ ಮಣ್ಣು ಹಾಕಬ್ಯಾಡ್ರಿ."

ಸಾಕ್ಷಿಗೆ ಜಹೀರುದ್ದೀನನೇ ಬರಬೇಕಾಯಿತು. ಹಿಂದಿನ ಓಣಿಯವನು, ಹೊಟ್ಟೆ ಸವರಿಕೊಳ್ಳುತ್ತ ಬಂದ. ಚಂದ್ರಾಮಪ್ಪ ಅವನನ್ನು ಗೆದ್ದವನಂತೆ ನೋಡಿದ. ಆದರೆ ಜಹೀರುದ್ದೀನ ಪ್ರಾಣ ಹೋದರೂ ಸುಳ್ಳು ಹೇಳುವವನಲ್ಲ.

"ಭಾಬಿ, ಅರ್ಧಾ ದಾರಿ ಕಣ್ಣಾಗ ಕಣ್ಣಿಟ್ಟು ಕಾದೇನಿ. ಆಮ್ಯಾಲ ಕಣ್ಣು ಮುಚ್ಚಿತ್ತು. ಆವಾಗೇನ್ ಆತೋ ನನಗ ಗೊತ್ತಿಲ್ಲ. ಮಾಫ್ ಮಾಡ್ರಿ."

"ಸಾಕ್ಷಿ ಚಲೋ ಹೇಳಿದಿ!" ಚಂದ್ರಾಮಪ್ಪ ತಲೆಗೆ ಕೈಹೊತ್ತು ಕೂತುಬಿಟ್ಟ. "ತಿಂದು ಬೈಸಿಕೊಂಡ್ರ ಒಂದ್ ಮಾತು. ತಿನ್ನದಽ ಬೈಸಿಕೊಳ್ಳೂದು ಯಾವ ನ್ಯಾಯ? ಕೊಡು ಇಲ್ಲಿ ಒಂದ್ ಹೋಳಗಿ, ತಿಂದಽ ಬೈಸಿಕೊಳ್ತೇನಿ!"

ಶಾರದಾಬಾಯಿ ಅವನ ಮುಖವನ್ನು ನೋಡಿದಳು. ಸುಳ್ಳು ಹೇಳುವಾಗ ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಇಂದು ಕಣ್ಣಲ್ಲಿ ನೀರಿತ್ತು. ಅವಳಿಗೆ ನಂಬಿಕೆ ಬಂತು. ಜಹೀರುದ್ದೀನನನ್ನು ಕಳಿಸಿ, ಒಳಗೆ ಹೋಗಿ ಹಬ್ಬದ ಎಡೆಗೆಂದು ಮಾಡಿಟ್ಟಿದ್ದ ಬುಟ್ಟಿಯಿಂದ ಒಂದು ಹೋಳಿಗೆ ತಂದು ಅವನ ಎದುರಿಗೆ ಕೂತಳು. ಚಂದ್ರಾಮಪ್ಪ ಕೈ ಚಾಚಿದ.

"ನಿಮಗಲ್ಲ," ಎಂದಳು. "ನೀವು ಬಿಟ್ಟೀರಿ ಅಂತ ನಾನೂ ಮುಂಜಾನಿಯಿಂದ ಮುಟ್ಟಿಲ್ಲ. ಇನ್ನ ನನ್ನಿಂದ ಆಗಾಂಗಿಲ್ಲ."

ಅವಳು ತಿಂದಳು. ಅವನು ಒಂದೊಂದು ತುತ್ತನ್ನೂ ಕಣ್ಣಲ್ಲೇ ಕಳಿಸಿಕೊಟ್ಟ. ಕೊನೆಗೆ ತಡೆಯಲಾರದೆ ಕೇಳಿದ:

"ಹ್ಯಾಂಗ್ ಆಗ್ಯದ?"

"ಬೆಲ್ಲ ಕಡಿಮಿ ಬಿದ್ದದ. ಹೂರಣ ಸಪ್ಪಗ ಆಗ್ಯದ."

"ಹೌದಽ?" ಚಂದ್ರಾಮಪ್ಪನ ಮುಖ ಅರಳಿತು. ಅವನು ಗೋಡೆಗೆ ಒರಗಿ ಕಾಲು ಚಾಚಿಕೊಂಡ. "ಪೂರಾ ಸಪ್ಪಗೇನು? ಸ್ವಲ್ಪ ಬಿಡಿಸಿ ಹೇಳು."