ಹೊಸ ಪಿಸ್ತೂಲಿನ ಗೀರು

"ನನಗಿಂತ ಮೊದಲು ಇದು ಯಾರ ಕೈಲಿತ್ತು? ಅದನ್ನ ಹೇಳಿ" ಎಂದು ಪೆಟ್ರೋಲ್ ಬಂಕಿನ ಯಜಮಾನರು ಪಿಸ್ತೂಲನ್ನು ಗಾಜಿನ ಮೇಜಿನ ಮೇಲಿಟ್ಟರು.

ಕೋವಿ ಅಂಗಡಿಯ ಮುದುಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ. ಯಜಮಾನರು ಅದನ್ನು ಅವನಿಂದ ಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಅದರಿಂದ ಒಂದು ಗುಂಡೂ ಹಾರಿರಲಿಲ್ಲ. ಆದರೂ ಎಡಮಗ್ಗುಲಲ್ಲಿ, ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕುದುರೆಯ ಮೇಲ್ಗಡೆ, ಉಗುರಿನಿಂದ ಎಳೆದಂತೆ ಬಾಗಿದ ಒಂದು ಗೀರು. ಕಪ್ಪು ಬಣ್ಣ ಹೋಗಿ ಒಳಗಿನ ಉಕ್ಕು ಕಾಣುತ್ತಿತ್ತು. ಯಾರೋ ಬಳಸಿ ಹಿಂದಿರುಗಿಸಿದ್ದನ್ನು ಹೊಸದೆಂದು ಮುದುಕ ತಮ್ಮ ತಲೆಗೆ ಕಟ್ಟಿದ್ದಾನೆ ಎಂಬುದರಲ್ಲಿ ಯಜಮಾನರಿಗೆ ಸಂಶಯವಿರಲಿಲ್ಲ.

ಸಂಶಯ ಅವರ ಹುಟ್ಟುಗುಣವಲ್ಲ. ಮಗ ಹೋದ ಮೇಲೆ ಬಂದದ್ದು. ಪೆಟ್ರೋಲ್ ಬಂಕಿನ ಗಲ್ಲಾ ದೋಚಲು ಬಂದವನೊಬ್ಬ ಮಗನ ಹೊಟ್ಟೆಗೆ ಚಾಕು ಹಾಕಿದ್ದ. ಅವನೀಗ ಜಾಮೀನಿನ ಮೇಲೆ ಹೊರಬಂದು, ಬಂಕಿನ ಎದುರಿನ ಕಟ್ಟೆಯ ಮೇಲೆ ಕೂತು ಸಿಗರೇಟು ಸೇದುತ್ತಿದ್ದ. ಪಿಸ್ತೂಲು ಬಂಕಿನ ಕಾವಲಿಗೆ ಎಂದು ಯಜಮಾನರು ಪೊಲೀಸರಿಗೂ ಹೇಳಿದ್ದರು, ಹೆಂಡತಿಗೂ ಹೇಳಿದ್ದರು. ದೇವರ ಮುಂದೆ ಕೂತಾಗ ಮಾತ್ರ ಆ ಮಾತು ಬಾಯಿಗೆ ಬರುತ್ತಿರಲಿಲ್ಲ.

"ಕೊಳ್ಳೋ ದಿನ ಬದನೆಕಾಯಿ ಆರಿಸೋರ ಹಾಗೆ ತಿರುಗಿಸಿ ತಿರುಗಿಸಿ ನೋಡಿದ್ರಿ. ಆಗ ಇದ್ದಿದ್ರೆ ಬಿಡ್ತಿದ್ರಾ ಯಜಮಾನ್ರೇ?" ಎಂದ ಮುದುಕ. ಅದು ಬಳಕೆಯ ಗೀರಲ್ಲವೆಂದೂ, ಬಿಚ್ಚಿದ ಪಿಸ್ತೂಲನ್ನು ಮತ್ತೆ ಜೋಡಿಸುವಾಗ ಪಕ್ಕದ ಅಡ್ಡಕಡ್ಡಿಯನ್ನು ನೇರವಾಗಿ ಕೂರಿಸಲು ತಿಳಿಯದವರು ಉಜ್ಜಿಕೊಂಡು ತಂದರೆ ಹೀಗೆಯೇ ಆಗುವುದೆಂದೂ ವಿವರಿಸಿದ. ಹೊಸಬರೆಲ್ಲ ಮಾಡುವ ತಪ್ಪಂತೆ.

ತಾವಂತೂ ಅದನ್ನು ಬಿಚ್ಚಿರಲಿಲ್ಲ. ಯಜಮಾನರಿಗೆ ಕೂಡಲೇ ಭಾಮೈದನ ನೆನಪಾಯಿತು. ಹೋದ ವಾರ ಬಂದಿದ್ದವನು "ಪಿಸ್ತೂಲು ತೋರಿಸಿ ಭಾವ" ಎಂದು ದುಂಬಾಲು ಬಿದ್ದಿದ್ದ. ಇವರು ತೋರಿಸಿರಲಿಲ್ಲ. ಬೀರುವಿನ ಕೀಲಿಯನ್ನು ಅಕ್ಕನ ಹತ್ತಿರ ಕೇಳಿ ಪಡೆದಿರಬೇಕು. ಅವನನ್ನು ಇನ್ನು ಹೊಸಿಲು ದಾಟಿಸಬಾರದು ಎಂದುಕೊಳ್ಳುವಷ್ಟರಲ್ಲಿ ಮುದುಕ ಪಿಸ್ತೂಲನ್ನು ಬಿಚ್ಚಿ, ದೀಪದ ಕೆಳಗೆ ಹಿಡಿದು ಒಳಗೆ ಇಣುಕುತ್ತಿದ್ದ.

"ಗುಂಡಿನ ಬೆನ್ನಿಗೆ ಬಡಿಯೋ ಪಿನ್ನೇ ಇಲ್ಲ ಇದರಲ್ಲಿ" ಎಂದ. "ಕುದುರೆ ಎಳೆದ್ರೆ ಟಕ್ ಅನ್ನುತ್ತೆ, ಅಷ್ಟೇ. ಮಿಕ್ಕಿದ್ದೆಲ್ಲ ಒರೆಸಿ, ಎಣ್ಣೆ ಹಾಕಿ ಇಟ್ಟಿದಾರೆ." ಬೆರಳಿಗಂಟಿದ್ದನ್ನು ಉಜ್ಜಿ ಮೂಸಿದ. "ನಮ್ಮ ಎಣ್ಣೆ ಅಲ್ಲ. ಹೊಲಿಗೆ ಮಷೀನಿಂದು."

ಯಜಮಾನರು ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಸುತ್ತಲಿನ ದರ್ಜಿಗಳೆಲ್ಲ ಕೆಟ್ಟ ಹೊಲಿಗೆ ಮಷೀನುಗಳನ್ನು ರಿಪೇರಿಗೆ ಹೊತ್ತು ತರುತ್ತಿದ್ದದ್ದು ಅವರ ಮನೆಗೇ, ಅವರ ಹೆಂಡತಿಯ ಹತ್ತಿರ. ಪಿಸ್ತೂಲಿನ ಪೆಟ್ಟಿಗೆಯೊಳಗೆ ಚಿತ್ರಗಳಿದ್ದ ಕೈಪಿಡಿಯೊಂದಿತ್ತು. ಅವಳಿಗೆ ಅಷ್ಟು ಸಾಕು.

ಬೇರೆ ಪಿನ್ನು ತನ್ನಲ್ಲೇ ಇದೆ, ಹಾಕಿಕೊಡಲೇ ಎಂದು ಮುದುಕ ಕೇಳಿದ. ಹೇಳಿಕಳಿಸುತ್ತೇನೆ ಎಂದಷ್ಟೇ ಹೇಳಿ, ಪಿಸ್ತೂಲನ್ನು ಅಲ್ಲೇ ಬಿಟ್ಟು ಯಜಮಾನರು ಮನೆಗೆ ನಡೆದರು.

ಹೆಂಡತಿ ನಡುಮನೆಯಲ್ಲಿ ಯಾರದೋ ಮಷೀನು ಬಿಚ್ಚಿಕೊಂಡು ಕೂತಿದ್ದಳು. ಗಂಡನ ಬರಿಗೈಯನ್ನು ನೋಡಿದಳು.

"ಎಲ್ಲಿ ಅದು?"

"ಅಂಗಡೀಲಿದೆ. ಹೊಸ ಪಿನ್ನು ಹಾಕ್ತಾರಂತೆ."

ಅವಳು ತಲೆತಗ್ಗಿಸಲಿಲ್ಲ. "ಹಾಕಿಸ್ತೀರಾ?"

"ಬಂಕಿನ ಕಾವಲಿಗೆ ಬೇಕಲ್ಲ."

"ನನ್ನ ಹತ್ತಿರ ಸುಳ್ಳು ಹೇಳೋಕೆ ನಿಮಗೆ ಯಾವತ್ತು ಬಂದಿತ್ತು, ಇವತ್ತು ಬರೋಕೆ?" ಎಂದಳು. "ಆ ಕಟ್ಟೆ ಕಡೆ ನೀವು ಹೇಗೆ ನೋಡ್ತೀರಿ ಅಂತ ನಾನೂ ನೋಡಿದೀನಿ ರೀ. ಮಗನ್ನ ಮಣ್ಣಿಗೆ ಕೊಟ್ಟೆ. ನಿಮ್ಮನ್ನ ಜೈಲಿಗೂ ಕೊಟ್ಟು, ನಾನು ಯಾರ ಮುಖ ನೋಡ್ಕೊಂಡಿರಲಿ?"

ಇಷ್ಟು ದಿನ ತಾವು ಊರನ್ನೆಲ್ಲ ಸಂಶಯದಿಂದ ನೋಡುತ್ತಿದ್ದಾಗ, ಇವಳು ತಮ್ಮನ್ನೇ ನೋಡುತ್ತಿದ್ದಳು. ಯಜಮಾನರು ಫೋನು ತೆಗೆದು ಮುದುಕನಿಗೆ ಮಾಡಿ, ಪಿನ್ನು ಬೇಡವೆಂದರು. ಕೊಳ್ಳುವವರು ಬಂದರೆ ಕಾಗದಪತ್ರ ಮಾಡಿಸಿ ಮಾರಿಬಿಡಲು ಹೇಳಿದರು. ಆ ಕಡೆಯಿಂದ ಅವನು ಏನೋ ಕೇಳಿದ. "ಗೀರಿದೆ ಅಂತ ಹೇಳೇ ಮಾರಿ" ಎಂದು ಫೋನಿಟ್ಟರು.

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ತಿರುಪುಳಿ ಎತ್ತಿಕೊಂಡಳು. ಹಳೆಯ ಮಷೀನು, ಭಾರ. ಹಿಂದಕ್ಕೆ ಮಗುಚಿದರೆ ನಿಲ್ಲದೆ ಮುಂದಕ್ಕೇ ವಾಲುತ್ತಿತ್ತು. ಯಜಮಾನರು ಅವಳೆದುರು ನೆಲದ ಮೇಲೆ ಕೂತು ಎರಡೂ ಕೈಗಳಿಂದ ಅದರ ತಲೆಯನ್ನು ಎತ್ತಿ ಹಿಡಿದರು. ಅವಳು ಬಗ್ಗಿ, ಅದರ ಅಡಿಯಲ್ಲಿ ಒಂದೊಂದೇ ತಿರುಪನ್ನು ಬಿಗಿಮಾಡತೊಡಗಿದಳು.