ನಲವತ್ತು ಸೆಕೆಂಡಿನ ಟೀಚರಮ್ಮ

ನನ್ನಜ್ಜಿಯ ಕತೆಯ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆ ಒಂದು ಗಿಳಿಯೊಳಗೆ ಇಟ್ಟಿದ್ದ. ಗಿಳಿಯ ಕತ್ತು ಹಿಸುಕಲು ಹೊರಟ ರಾಜಕುಮಾರನ ಬಗ್ಗೆ ಅಜ್ಜಿಗೆ ನೂರು ಪ್ರಶ್ನೆ ಕೇಳಿದ್ದೇನೆ. ಆ ಗಿಳಿಗೆ ದಿನಾ ಕಾಳು ಹಾಕುವವರು ಯಾರು, ಅವರು ಒಂದು ದಿನ ಬಾಗಿಲು ಎಳೆದುಕೊಂಡು ಹೋಗಿಬಿಟ್ಟರೆ ಏನು ಗತಿ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ, ಧ್ವನಿ ಮುದ್ರಿಸಿ ಇಡುವ ಗ್ರಂಥಾಲಯ ನಮ್ಮದು. ಧ್ವನಿ ಕೋಣೆಯ ಹೊಣೆ ನನ್ನದು, ಯಂತ್ರಗಳದ್ದು ತಂತಿ ಮಾಮನದು. ಕೊರಳಲ್ಲಿ ಸದಾ ಯಾವುದೋ ವೈರು ನೇತಾಡುತ್ತಿರುವುದರಿಂದ ಅವರಿಗೆ ಆ ಹೆಸರು. ಓದಲು ಬರುವವರಲ್ಲಿ ಎಲ್ಲರಿಗೂ ಅಚ್ಚುಮೆಚ್ಚು ಟೀಚರಮ್ಮ. ನಿವೃತ್ತಿಯಾದ ಮೇಲೆ ಹನ್ನೊಂದು ವರ್ಷ ಅವರು ನಮಗೆ ಕತೆ ಓದಿದರು. ಗಡಿಯಾರ ರಿಪೇರಿ ಮಾಡುತ್ತಲೇ ದೃಷ್ಟಿ ಕಳೆದುಕೊಂಡ ಅವರ ಗಂಡ, ನಮ್ಮೆಲ್ಲರ ಗಡಿಯಾರದ ತಾತ, ಅವನ್ನೆಲ್ಲ ಮನೆಯಲ್ಲಿ ಕೂತು ಕೇಳುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಒಬ್ಬ ಕಂಪನಿಯವನು ಧ್ವನಿ ಉಳಿಸಿಡುವ ಹೊಸ ಫಾರ್ಮ್ಯಾಟ್ ಹೊತ್ತು ಬಂದ. ಹೋಲಿಸಿ ನೋಡೋಣ ಎಂದು ಟೀಚರಮ್ಮನಿಂದ ಗಿಳಿಯ ಕತೆಯ ಒಂದು ತುಣುಕು ಓದಿಸಿ, ಎರಡು ಬಗೆಯಲ್ಲಿ ಉಳಿಸಿದೆವು. ತಂತಿ ಮಾಮನದು ಬೀಗವಿಲ್ಲದ ಮಾಮೂಲಿ ಓಪನ್ ಫೈಲು, ಗೋಣಿಚೀಲದಷ್ಟು ದಪ್ಪ. ಅದರಲ್ಲಿ ಟೀಚರಮ್ಮನ ಉಸಿರು, ಹಾಳೆ ಮಗುಚುವ ಸದ್ದು, ಕುರ್ಚಿಯ ಕಿರುಗುಟ್ಟುವಿಕೆ ಎಲ್ಲವೂ ಇದ್ದವು. ಕಂಪನಿಯವನದು ಅದರ ಹತ್ತರಲ್ಲೊಂದು ಭಾಗವೂ ಇಲ್ಲ. ಹೆಡ್‌ಫೋನ್ ಹಾಕಿಕೊಂಡರೆ ಬೆಳದಿಂಗಳಲ್ಲಿ ತೊಳೆದಿಟ್ಟಂಥ ದನಿ. ನಾನು ಸೋತುಹೋದೆ.

"ನನ್ನದು ಯಾವ ಯಂತ್ರದಲ್ಲಾದ್ರೂ ಬಾಯಿ ಬಿಡುತ್ತೆ ತಾಯಿ," ಎಂದರು ಮಾಮ. "ಅವನದ್ದು ಅವನು ಹೂಂ ಅಂದ್ರೆ ಮಾತ್ರ. ಕೀಲಿ ಯಾರ ಹತ್ರ ಇರುತ್ತೆ, ಕೇಳು."

"ನಮ್ಮ ಹತ್ರಾನೇ ಭದ್ರವಾಗಿರುತ್ತೆ ಮೇಡಂ," ಎಂದ ಕಂಪನಿಯವನು.

"ಮಾಮ, ನಿಮ್ಮದ್ರಲ್ಲಿ ಕುರ್ಚೀನೂ ಕತೆ ಓದುತ್ತೆ," ಎಂದು ನಕ್ಕೆ.

"ಓದಲಿ ಬಿಡೇ. ಚಿಕ್ಕದೇ ಬೇಕಂದ್ರೆ ಓಪನ್‌ನಲ್ಲೂ ಚಿಕ್ಕದಿದೆ. ಹಳೇದನ್ನಾದ್ರೂ ಅಳಿಸಬೇಡ."

"ಒಂದೇ ಕತೆ ಎರಡೆರಡು ಕಡೆ ಯಾಕೆ?" ಎಂದು ನಾನೇ ಸಹಿ ಹಾಕಿ, ಇದ್ದ ಕತೆಗಳನ್ನೆಲ್ಲ ಹೊಸ ಫಾರ್ಮ್ಯಾಟ್‌ಗೆ ಬದಲಾಯಿಸಿ, ಜಾಗ ತೆರವು ಮಾಡಲು ಹಳೆಯದೆಲ್ಲವನ್ನೂ ಅಳಿಸಿಹಾಕಿಸಿದೆ.

ಹೋದ ವರ್ಷ ಟೀಚರಮ್ಮ ತೀರಿಕೊಂಡರು. ಹೋದ ವಾರ ಕಂಪನಿ ಮುಚ್ಚಿತು. ಅದು ಕೊಟ್ಟಿದ್ದ ಪುಟ್ಟ ಪ್ಲೇಯರುಗಳೆಲ್ಲ ಒಟ್ಟಿಗೆ ಕತೆ ನಿಲ್ಲಿಸಿದವು. ತಾತ ಕೋಲು ಊರಿಕೊಂಡು ಬಂದು ತಮ್ಮದನ್ನು ನನ್ನ ಮೇಜಿನ ಮೇಲಿಟ್ಟರು.

"ನೋಡು ಮಗೂ, ನಮ್ಮನೆಯವಳ ಜಾಗದಲ್ಲಿ ಯಾರೋ ಹೊಸಬಳು ಬಂದು ಕೂತಿದ್ದಾಳೆ. ಗುಂಡಿ ಒತ್ತಿದಾಗಲೆಲ್ಲ 'ಪರವಾನಗಿ ಮುಗಿದಿದೆ' ಅಂತಾಳೆ. ಇವಳನ್ನ ಎಬ್ಬಿಸಿ ಕಳಿಸು."

ತಂತಿ ಮಾಮ ಎರಡು ದಿನ ತಿಣುಕಾಡಿದರು. ಫೈಲುಗಳು ನಮ್ಮ ಕಪಾಟಿನಲ್ಲೇ ಇದ್ದವು, ಒಂದೂ ಕೆಟ್ಟಿರಲಿಲ್ಲ. ಆದರೆ ತೆರೆಯುವ ಕೀಲಿ ಕಂಪನಿಯ ಜೊತೆಗೇ ಹೋಗಿತ್ತು. ಮೂರನೆಯ ದಿನ ಮಾಮ ತಮ್ಮ ಡ್ರಾಯರಿನ ತಳದಿಂದ ಒಂದು ಪೆನ್ ಡ್ರೈವ್ ಹುಡುಕಿ ತಂದರು. ಅಂದು ಹೋಲಿಸಲು ಮಾಡಿದ್ದ ಓಪನ್ ಫೈಲು ಒಂದು ಅದರಲ್ಲಿತ್ತು. ನಲವತ್ತು ಸೆಕೆಂಡು. ನನ್ನ ಸಹಿ ಅಲ್ಲಿಯವರೆಗೆ ತಲುಪಿರಲಿಲ್ಲ.

ತಾತನನ್ನು ಕರೆಸಿ, ಟೀಚರಮ್ಮ ಕೂರುತ್ತಿದ್ದ ಕುರ್ಚಿಯಲ್ಲೇ ಕೂರಿಸಿದೆವು. ಒಂದು ಉಸಿರು, ಹಾಳೆಯ ಸದ್ದು, ಆಮೇಲೆ ಟೀಚರಮ್ಮ. ರಾಜಕುಮಾರ ಮೂರನೆಯ ಸಮುದ್ರಕ್ಕೆ ಬಂದಿದ್ದ. ತಾತನ ಬೆರಳು ಮೊಣಕಾಲಿನ ಮೇಲೆ ಮೆಲ್ಲಗೆ ತಾಳ ಹಾಕತೊಡಗಿತು. ಅಷ್ಟರಲ್ಲಿ ಟೀಚರಮ್ಮ ಓದು ನಿಲ್ಲಿಸಿ ಕೇಳಿದರು: "ಸಾಕಾ, ಇನ್ನೂ ಓದ್ಲಾ?"

"ಸಾಕು ಸಾಕು," ಎಂದಿತು ಒಂದು ಅವಸರದ ದನಿ.

ಆ ಮಾತಿನ ಜೊತೆಗೇ ಕುರ್ಚಿ ಕಿರುಗುಟ್ಟಿತು. ಮುಗಿಯಿತು.

ತಾತ ಮುಖವನ್ನು ಸ್ಪೀಕರಿನ ಕಡೆಯಿಂದ ತಿರುಗಿಸಲಿಲ್ಲ. "ಸಾಕು ಅಂದೋರು ಯಾರು?"

ಮಾಮ ನನ್ನತ್ತ ನೋಡಿ, ತಕ್ಷಣ ವೈರು ಸುತ್ತುವುದರಲ್ಲಿ ಮಗ್ನರಾದರು.

"ನಾನೇ ತಾತ," ಎಂದೆ. "ಹಳೇ ಫೈಲೆಲ್ಲ ಅಳಿಸಿದವಳೂ ನಾನೇ. ಇವರು ಬೇಡ ಅಂದ್ರು, ನಾನು ಕೇಳ್ಲಿಲ್ಲ."

ತಾತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೋಲನ್ನು ಕುರ್ಚಿಗೆ ಒರಗಿಸಿಟ್ಟು, "ಇನ್ನೊಂದ್ಸಲ ಹಾಕು," ಎಂದರು.

ಐದು ಸಲ ಹಾಕಿದೆವು. ಐದು ಸಲವೂ ಟೀಚರಮ್ಮ ಇನ್ನೂ ಓದಲು ಸಿದ್ಧರಿದ್ದರು, ಐದು ಸಲವೂ ನಾನು ಸಾಕು ಎಂದೆ.

"ಆ ಕೊನೇ ಮಾತು ಕತ್ತರಿಸಿಬಿಡ್ಲಾ?" ಮಾಮ ತಗ್ಗಿದ ದನಿಯಲ್ಲಿ ಕೇಳಿದರು. "ಇದು ಬೀಗ ಇಲ್ಲದ್ದು, ಕತ್ತರಿಸಬಹುದು."

"ಬೇಡಪ್ಪ," ಎಂದರು ತಾತ. "ಆ ಮಾತಿನ ಮೇಲೇ ಅವಳು ಎದ್ದ ಸದ್ದಿದೆ. ಕುರ್ಚಿ ಹಿಡ್ಕೊಂಡು ಏಳ್ತಾಳಲ್ಲ, ಅದು. ಮಾತು ಕತ್ತರಿಸಿದ್ರೆ ಅದೂ ಹೋಗುತ್ತೆ."

ಮಾಮ ಅದರ ನಾಲ್ಕು ಪ್ರತಿ ಮಾಡಿದರು. ಒಂದನ್ನು ನನಗೂ ಕೊಟ್ಟರು, ನಾನು ಬೇಕೆಂದು ಕೇಳಿರಲಿಲ್ಲ.