ಮನೆ ಖಾಲಿ ಮಾಡುವ ದಿನ

ರಾಯಬಾಗದ ಬಾಬಾಸಾಹೇಬರು ಓದಿದವರು. ಟೆನೆಂಟ್ ಎಂಬ ಇಂಗ್ಲಿಷ್ ಶಬ್ದ ಫ್ರೆಂಚರ ಕಡೆಯಿಂದ ಬಂದದ್ದು, ಅದರ ಮೂಲ ಅರ್ಥ 'ಹಿಡಿದುಕೊಂಡವನು' ಎಂದು ಕೊಲ್ಲಾಪುರದ ಕಾಲೇಜಿನಲ್ಲಿ ಕಲಿತಿದ್ದರು. ಎಪ್ಪತ್ತನಾಲ್ಕರ ಕಾನೂನು ಬಂದು ಅವರ ಕಬ್ಬಿನ ಹೊಲ ಉಳುವವರ ಪಾಲಾದ ಮೇಲೆ ಆ ಅರ್ಥ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಹೊಲ ಹೋಯಿತು, ಮನೆ ಹೋಗಬಾರದು. ಅದಕ್ಕೇ ಅವರ ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದವರು ವರ್ಷಕ್ಕೊಂದು ದಿನ ಒಲೆಯ ಬೂದಿ ಸಮೇತ ಎಲ್ಲವನ್ನೂ ಹೊರಗಿಟ್ಟು, ಕೀಲಿ ಒಪ್ಪಿಸಿ, ಮರುದಿನ ಹೊಸಬರಂತೆ ಒಳಗೆ ಬರಬೇಕು.

ತಾರವ್ವ ಪ್ರತಿ ವರ್ಷ ಗೊಣಗುತ್ತಲೇ ಮಾಡುತ್ತಿದ್ದಳು. ಆಡು ಸಾಕಿ ಹಾಲು ಮಾರುವವಳಿಗೆ ಆಡು ಕಟ್ಟಲು ಜಾಗವಿರುವ ಮನೆ ಬೇರೆ ಯಾರು ಕೊಟ್ಟಾರು? ಆದರೆ ಎಂಬತ್ತೆಂಟರ ಆ ದಿನ ಗಂಡ ಭೀಮಸಿ ಹಾಸಿಗೆ ಹಿಡಿದಿದ್ದ. ಡಾಕ್ಟರು ಕೈಚೆಲ್ಲಿದ್ದರು. ಸೂರಿನ ಕೆಳಗೇ ಕಣ್ಣು ಮುಚ್ಚಲಿ ಎಂಬುದೊಂದೇ ಅವಳ ಆಸೆ.

"ಸಾಹೇಬ್ರ, ನಿಮ್ಮ ಕಾಲ ಬೀಳತೇನ್ರಿ. ಈ ವರ್ಷ ಅವರನ್ನಷ್ಟ ಒಳಗ ಬಿಡ್ರಿ. ಜೀವ ಈಗೋ ಆಗೋ ಅನ್ನಾಕತ್ತೈತಿ."

"ತಾರವ್ವಾ, ಟೆನೆಂಟ್ ಅಂದ್ರ ಹಿಡದಾವ. ವರ್ಷಕ್ಕೊಮ್ಮೆರ ಅಂವ ಕೈ ಬಿಟ್ರನ ಮಾಲಕಗ ನಿದ್ದಿ ಬರತೈತಿ. ಒಂದ ದಿನದ ಮಾತು. ನಾಳೆ ಮುಂಜಾನಿ ಕೀಲಿ ನಿನ್ನ ಕೈಯಾಗ. ಒಲ್ಲೆ ಅಂದ್ರ ಬ್ಯಾರೆ ಮನಿ ನೋಡ್ಕೋ."

ಎಂಥ ಮೃದು ದನಿ ಆ ಪುಣ್ಯಾತ್ಮನದು! ಬೈದಿದ್ದರೆ ಅವಳೂ ತಿರುಗಿ ಬೈಯಬಹುದಿತ್ತು.

ಮಧ್ಯಾಹ್ನ ನೆರೆಯವರಿಬ್ಬರು ರೋಗಿ ಮಲಗಿದ್ದ ಹೊರಸು ಎತ್ತಿದರು. ಇಷ್ಟು ದಿನ ನೀರಿನ ಲೋಟ ಹಿಡಿಯಲಾರದಿದ್ದ ಭೀಮಸಿ, ಬಾಗಿಲು ದಾಟುವಾಗ ಚೌಕಟ್ಟನ್ನು ಹಿಡಿದುಬಿಟ್ಟ.

"ಬ್ಯಾಡ ತಾರೀ, ಬ್ಯಾಡ."

ನೆರೆಯವರು ಮುಖ ತಿರುಗಿಸಿದರು. ಬಾಬಾಸಾಹೇಬರು ಬೀಗ ಹಿಡಿದು ಕಾಯುತ್ತಿದ್ದರು. ಕೊನೆಗೆ ತಾರವ್ವನೇ ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಒಂದ ದಿನ ಅಲ್ಲೇನ್ರಿ, ನಾಳೆ ಮತ್ತ ಒಳಗ ಬರೋದ ಐತಿ" ಎಂದು ಸಮಾಧಾನ ಹೇಳುತ್ತಲೇ ಬಿಡಿಸಿದಳು. ಹೆಬ್ಬೆರಳು ಬಹಳ ಹಟ ಮಾಡಿತು.

ಬೇವಿನ ಮರದ ಕೆಳಗೆ, ಆಡುಗಳ ನಡುವೆ, ಹೊತ್ತು ಮುಳುಗುವ ಮೊದಲೇ ಅವನು ಹೋದ. ಕೊನೆಯವರೆಗೂ ಅವಳ ಮುಖ ನೋಡಲಿಲ್ಲ.

ಮರುದಿನ ಮಣ್ಣಾಯಿತು. ತಾರವ್ವ ಕೀಲಿಗಾಗಿ ಕೈ ಚಾಚಿ ನಿಂತಳು. ಆದರೆ ಮನೆಯ ಬಾಗಿಲು ಆಗಲೇ ತೆರೆದಿತ್ತು. ಮುಂದೆ ಟೆಂಪೋ ನಿಂತಿತ್ತು. ನಿಪ್ಪಾಣಿಯ ತಂಬಾಕು ವ್ಯಾಪಾರಿಯ ಸಂಸಾರ ಪಾತ್ರೆಪಡಗ ಇಳಿಸುತ್ತಿತ್ತು.

"ಇವ್ರು ಮಾತಾಡಿ ಹೋಗಿ ಬಾಳ ದಿನ ಆತು," ಬಾಬಾಸಾಹೇಬರು ಅದೇ ಮೃದು ದನಿಯಲ್ಲಿ ಹೇಳಿದರು. "ಭೀಮಸಿ ಹೊರಗ ಸತ್ತದ್ದ ಚಲೋ ಆತು ನೋಡು. ಸತ್ತ ಮನ್ಯಾಗ ಯಾರ ಬಾಡಿಗಿಗೆ ಬರತಾರ?"

ತಾರವ್ವ ಚಾಚಿದ ಕೈಯನ್ನೇ ನೋಡಿದಳು. ಗಂಡನ ಬೆರಳು ಬಿಡಿಸಿದ ಕೈ ಅದು. ಕಡಿದು ಅಲ್ಲೇ ಒಗೆಯಬೇಕೆನಿಸಿತು.